ಹದಿನಾರರ ಮಗನಿಗೆ ಡ್ರಗ್ ಕೋರ್ಟ್: ಒಪ್ಪಿಕೊಳ್ಳಬಹುದೇ?

ಪ್ರಶ್ನೆ (ದಿಕ್ಕು ತೋಚದ ತಾಯಿ):

ನಮ್ಮದು ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವ ಸಂಸಾರ. ಹದಿನಾರರ ಮಗ ಶಾಲೆಯಲ್ಲಿ ಗಾಂಜಾ ಎಣ್ಣೆಯ ವೇಪ್ ಮತ್ತು ಬೇರೆ ಯಾರದೋ ನೋವಿನ ಮಾತ್ರೆಗಳ ಸಮೇತ ಸಿಕ್ಕಿಬಿದ್ದಿದ್ದಾನೆ. ಮಾಮೂಲಿ ಪ್ರೊಬೇಷನ್ (ಅಧಿಕಾರಿಯ ನಿಗಾದಲ್ಲಿ ಹೊರಗಿರುವುದು) ಬದಲು ಹದಿಹರೆಯದವರ ಡ್ರಗ್ ಕೋರ್ಟಿಗೆ, ಅಂದರೆ ನಿಗಾ ಇಟ್ಟು ಚಿಕಿತ್ಸೆ ಕೊಡಿಸುವ ನ್ಯಾಯಾಲಯಕ್ಕೆ, ಸೇರಬಹುದು, ಪೂರ್ತಿ ಮುಗಿಸಿದರೆ ಪ್ರಕರಣ ವಜಾ ಆಗುತ್ತದೆ ಎನ್ನುತ್ತಾರೆ ವಕೀಲರು. ಆದರೆ ವಾರವಾರ ನ್ಯಾಯಾಧೀಶರ ಎದುರು ನಿಲ್ಲಬೇಕು, ಹೇಳದೆ ಕೇಳದೆ ಮೂತ್ರ ಪರೀಕ್ಷೆ, ತಂದೆ ತಾಯಿಯೂ ತಪ್ಪದೆ ಬರಬೇಕು. ವರ್ಷವಾದರೂ ಹಿಡಿಯುತ್ತದಂತೆ. "ನಮ್ಮ ಮನೆಯ ವಿಷಯಕ್ಕೆ ನ್ಯಾಯಾಧೀಶರೇಕೆ? ನಾನೇ ದಾರಿಗೆ ತರುತ್ತೇನೆ" ಎಂದು ಯಜಮಾನರು ಹಟ ಹಿಡಿದಿದ್ದಾರೆ. ಒಳಗಿನಿಂದ ಕಂಡವರಿದ್ದರೆ ದಯವಿಟ್ಟು ಹೇಳಿ.

ಉತ್ತರ (ನಿವೃತ್ತ ಆಪ್ತಸಮಾಲೋಚಕಿ):

ಅಂಥದೊಂದು ನ್ಯಾಯಾಲಯದ ಚಿಕಿತ್ಸಾ ತಂಡದಲ್ಲಿ ಬಹಳ ಕಾಲ ದುಡಿದವಳು ನಾನು. ಯಜಮಾನರಿಗೆ ಮೊದಲು ಇದನ್ನು ತಿಳಿಸಿ: ವಿಷಯ ಆಗಲೇ ಹೊಸ್ತಿಲು ದಾಟಿದೆ. ನ್ಯಾಯಾಧೀಶರು ಬೇಕೇ ಬೇಡವೇ ಎಂಬ ಆಯ್ಕೆ ಈಗ ನಿಮ್ಮ ಕೈಯಲ್ಲಿಲ್ಲ.

ವಯಸ್ಕರ ಮೊದಲ ಡ್ರಗ್ ಕೋರ್ಟ್ 1989ರಲ್ಲಿ ಮಯಾಮಿಯಲ್ಲಿ ಶುರುವಾಯಿತು. 1990ರ ದಶಕದ ನಡುವಿಗೆ ಮಕ್ಕಳಿಗೂ ಬಂತು. ನೀವು ನೋಡುವ ಕಲಾಪ ಕೆಲವೇ ನಿಮಿಷದ್ದು. ಹುಡುಗ ಒಳಗೆ ಬರುವ ಮುಂಚೆಯೇ ನ್ಯಾಯಾಧೀಶರು, ಎರಡೂ ಕಡೆಯ ವಕೀಲರು, ಪ್ರೊಬೇಷನ್ ಅಧಿಕಾರಿ, ಸಮಾಲೋಚಕರು ಕೂಡಿ ಅವನ ಇಡೀ ವಾರವನ್ನು ಜಾಲಾಡಿರುತ್ತಾರೆ. ಆಮೇಲೆ "ಗಣಿತದ ಪರೀಕ್ಷೆ ಏನಾಯಿತಪ್ಪ?" ಎಂದು ನ್ಯಾಯಾಧೀಶರು ಕೇಳಿದರೆ ಅದು ಕುಶಲೋಪರಿಯಲ್ಲ, ಉತ್ತರ ಅವರ ಮುಂದಿನ ಹಾಳೆಯಲ್ಲಿದೆ. ಇವನು ನಿಜ ಹೇಳುತ್ತಾನೋ ಇಲ್ಲವೋ ಎಂಬುದಷ್ಟೇ ಅವರಿಗೆ ಬೇಕು. ನಾನು ಕಂಡ ನ್ಯಾಯಾಧೀಶರು ಎಡವಿದವನನ್ನು ಸಹಿಸಿಕೊಂಡರು, ಸುಳ್ಳನ್ನಲ್ಲ.

ಮೂತ್ರ ಪರೀಕ್ಷೆ ಎಲ್ಲರ ನಿದ್ದೆ ಕೆಡಿಸುತ್ತದೆ. ಹಲವು ಕಡೆ ಪ್ರತಿಯೊಬ್ಬರಿಗೂ ಒಂದು ಬಣ್ಣ ಗೊತ್ತುಮಾಡಿರುತ್ತಾರೆ. ದಿನವೂ ಒಂದು ಸಂಖ್ಯೆಗೆ ಕರೆ ಮಾಡಬೇಕು. ಧ್ವನಿಮುದ್ರಿತ ಸಂದೇಶ ನಿಮ್ಮ ಬಣ್ಣ ಹೇಳಿದರೆ ಅಂದೇ ಹೋಗಿ ಮಾದರಿ ಕೊಡಬೇಕು. ತಪ್ಪಿಸಿದರೆ ಸಾಮಾನ್ಯವಾಗಿ ಸಿಕ್ಕಿಬಿದ್ದಂತೆಯೇ ಲೆಕ್ಕ. ಹೊಟ್ಟೆ ಬಿರಿಯ ನೀರು ಕುಡಿದು ಹೋಗುವ ಜಾಣರಿಗೂ ಮದ್ದಿದೆ: ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗಿಳಿದರೆ ಮಾದರಿ ತೆಳುವಾಗಿದೆ ಎಂದು ಬಯಲಾಗುತ್ತದೆ. ಗಾಂಜಾದ ಅಂಶ ಕೊಬ್ಬಿನಲ್ಲಿ ಉಳಿಯುವುದರಿಂದ, ದಿನವೂ ಸೇದುತ್ತಿದ್ದವನಿಗೆ ಬಿಟ್ಟ ಮೇಲೂ ವಾರಗಟ್ಟಲೆ ಕಾಣಿಸಬಹುದು. ಅದಕ್ಕೆ ಅವನ ಮೇಲೆ ಹರಿಹಾಯಬೇಡಿ. ಮತ್ತೆ, ಮಾತ್ರೆಯ ಪ್ರಕರಣವಾದ್ದರಿಂದ ಹೇಳುತ್ತೇನೆ, ಗಸಗಸೆ ಪಾಯಸ ಸದ್ಯಕ್ಕೆ ಮಾಡಬೇಡಿ. ನಗಬೇಡಿ, ಗಸಗಸೆ ತಿಂದವರ ಮೂತ್ರದಲ್ಲಿ, ಅಫೀಮಿನಿಂದ ಬರುವ ನೋವುನಿವಾರಕ ಮಾರ್ಫಿನ್ ಕಾಣಿಸಬಹುದು. ಫೆಡರಲ್ ನೌಕರರ ಪರೀಕ್ಷೆಯ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300ರಿಂದ 2000 ನ್ಯಾನೊಗ್ರಾಂಗೆ ಏರಿಸಿದ್ದು ಇಂಥ ಗೊಂದಲದಿಂದಲೇ. ನಿಮ್ಮ ನ್ಯಾಯಾಲಯದ ಮಿತಿ ಅದೇ ಆಗಿರಬೇಕೆಂದಿಲ್ಲ.

ಇನ್ನು ಹೆತ್ತವರು. "ನಿನ್ನೆ ಅವನಿಗೆ ಹೊಟ್ಟೆನೋವು, ಅದಕ್ಕೇ ಪರೀಕ್ಷೆಗೆ ಹೋಗಲಾಗಲಿಲ್ಲ" ಎಂದು ಅಮ್ಮ ಹೇಳುತ್ತಿರುವಾಗ ಹುಡುಗ ತಲೆ ತಗ್ಗಿಸಿ ಬೂಟಿನ ದಾರ ನೋಡುತ್ತಿರುತ್ತಾನೆ. ಆ ವಾರದ ಚಿಕಿತ್ಸೆ ಅಲ್ಲಿಗೆ ನೀರುಪಾಲು. ನೀವು ಮಗನ ಪರವಾಗಿ ಸುಳ್ಳು ಹೇಳುವುದಿಲ್ಲವೆಂದು ಗಂಡಹೆಂಡತಿ ಮೊದಲೇ ಮಾತಾಡಿಕೊಳ್ಳಿ. ಅದಾಗದಿದ್ದರೆ ಸೇರಲೇಬೇಡಿ.

ಇದನ್ನು ಪವಾಡವೆಂದು ಮಾರುವವರನ್ನು ನಂಬಬೇಡಿ. ವಯಸ್ಕರಲ್ಲಿ ಕಂಡಷ್ಟು ಫಲ ಹದಿಹರೆಯದವರಲ್ಲಿ ಕಂಡಿಲ್ಲ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡ್ರಗ್ ಕೋರ್ಟಿನ ಜೊತೆಗೆ ಇಡೀ ಕುಟುಂಬವನ್ನು ಒಳಗೊಳ್ಳುವ ಮಲ್ಟಿಸಿಸ್ಟಮಿಕ್ ಥೆರಪಿ ಸೇರಿದಾಗ ಮಾದಕ ಬಳಕೆ ಇನ್ನಷ್ಟು ತಗ್ಗಿತು. ಮರುಬಂಧನ ಮಾತ್ರ ತಗ್ಗಲಿಲ್ಲ. ಕಣ್ಣಿಟ್ಟು ಕಾದರೆ ತಪ್ಪು ಹೆಚ್ಚು ಸಿಗುವುದು ಸಹಜ. ಆದ್ದರಿಂದ "ಕುಟುಂಬ ಚಿಕಿತ್ಸೆ ಯಾವುದು? ಬಂಧನಗೃಹಕ್ಕೆ ಕಳಿಸುವುದು ಯಾವಾಗ?" ಎಂದು ಸಹಿಗೆ ಮುಂಚೆಯೇ ಕೇಳಿ. ಶಿಕ್ಷೆಗಿಂತ ಪ್ರೋತ್ಸಾಹ ಕಡಿಮೆಯಾಗಬಾರದು, ಬಂಧನ ಬೇರೆ ಕ್ರಮಗಳ ನಂತರವೇ ಎನ್ನುತ್ತದೆ 2016ರ ಫೆಡರಲ್ ಮಾರ್ಗಸೂಚಿ. ಉತ್ತರ ಅದಕ್ಕೆ ಹೊಂದಿದರೆ, ನನ್ನ ಮಗನಾಗಿದ್ದರೆ ನಾನು ಸೇರಿಸುತ್ತಿದ್ದೆ.

ಉತ್ತರ (ವಲಸೆ ಪ್ರಕರಣಗಳ ವಕೀಲ):

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಾಲ ನ್ಯಾಯಾಲಯದ ತೀರ್ಮಾನ ವಲಸೆ ಕಾನೂನಿನಲ್ಲಿ 'ಅಪರಾಧ ಸಾಬೀತು' ಅಲ್ಲ ಎಂದು ವಲಸೆ ಮೇಲ್ಮನವಿ ಮಂಡಳಿ 2000ದಲ್ಲಿ ಹೇಳಿದೆ. ಆದರೆ ಅಷ್ಟಕ್ಕೇ ನಿರಾಳರಾಗಬೇಡಿ. ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆಯಲ್ಲಿ ಮಾದಕ ದುರ್ಬಳಕೆ ಪ್ರತ್ಯೇಕ ಅಡ್ಡಿ, ಗಾಂಜಾವೂ ಅದರಲ್ಲಿ ಸೇರಿದೆ. ಸಾಮಾನ್ಯವಾಗಿ 12 ತಿಂಗಳು ಅದರಿಂದ ದೂರವಿರಬೇಕಾಗುತ್ತದೆ. ಕೆಲವು ಡ್ರಗ್ ಕೋರ್ಟ್‌ಗಳಲ್ಲಿ ಆರೋಪ ಒಪ್ಪಿಕೊಂಡ ಮೇಲೆಯೇ ಪ್ರವೇಶ. ಯಾವ ಮಾತಿಗೆ ಒಪ್ಪುತ್ತಿದ್ದೀರಿ ಎಂಬುದನ್ನು ವಲಸೆ ವಕೀಲರೊಬ್ಬರಿಗೆ ತೋರಿಸದೆ ಸಹಿ ಬೇಡ.

ಮರುಪ್ರಶ್ನೆ (ದಿಕ್ಕು ತೋಚದ ತಾಯಿ):

ಇಬ್ಬರಿಗೂ ಋಣಿ. ಗಸಗಸೆ ಡಬ್ಬಿ ಈಗಲೇ ಎತ್ತಿಟ್ಟೆ. ಯಜಮಾನರ ನಿಜವಾದ ಭಯ ಬೇರೆ: ಊರಿನವರಿಗೆ ಗೊತ್ತಾಗುತ್ತದೆಯೇ?

ಉತ್ತರ (ನಿವೃತ್ತ ಆಪ್ತಸಮಾಲೋಚಕಿ):

ಚಿಕಿತ್ಸೆಯ ದಾಖಲೆಗಳಿಗೆ ಫೆಡರಲ್ ಗೋಪ್ಯತಾ ನಿಯಮವಿದೆ. ತಂಡದೊಂದಿಗೆ ಹಂಚಿಕೊಳ್ಳಲು ಲಿಖಿತ ಒಪ್ಪಿಗೆ ಕೇಳುತ್ತಾರೆ, ಯಾರ ಹೆಸರುಗಳಿವೆ ಎಂದು ಓದಿ. ಆದರೆ ಕಲಾಪದ ದಿನ ಬೇರೆ ಕುಟುಂಬಗಳೂ ಅದೇ ಕೊಠಡಿಯಲ್ಲಿರಬಹುದು. ಅವರೂ ನಿಮ್ಮ ಹಾಗೆಯೇ ಬಂದವರು. ಯಜಮಾನರು ಒಂದು ದಿನ ಹೋಗಿ ನೋಡಿ ಬರಬಹುದೇ ಎಂದು ವಕೀಲರನ್ನು ಕೇಳಿ. ಕೆಲವು ನ್ಯಾಯಾಲಯಗಳು ಬಿಡುತ್ತವೆ.