ಪ್ರಶ್ನೋತ್ತರ: ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಕಾರು, ಟೋಕನ್ ಕೊಡೋ ಮುಂಚೆ ಕೇಳಿ

ಅಡ್ಮಿನ್: ನಮಸ್ಕಾರ. ಹಳೇ ಟರ್ಬೊ ಕಾರು ಕೊಳ್ಳೋರು ಗುಂಪಲ್ಲಿ ದಿನಾ ಅದದೇ ಕೇಳ್ತಿದ್ದೀರಿ. ಪೀಣ್ಯದಲ್ಲಿ ಇಂಥ ಕಾರುಗಳನ್ನೇ ಬಿಚ್ಚಿ ಜೋಡಿಸೋ ನಮ್ಮ ಗ್ಯಾರೇಜ್ ಮೇಷ್ಟ್ರು ಇವತ್ತು ಉತ್ತರ ಕೊಡ್ತಾರೆ. ಕಾರಿನ ಹೆಸರು, ವರ್ಷ, ಓಡಿರೋ ಕಿಲೋಮೀಟರ್ ಬರೆದು ಕೇಳಿ. ಮಾರಾಟದ ಪೋಸ್ಟ್ ಹಾಕಬೇಡಿ, ಅವರ ನಂಬರ್ ಕೇಳಬೇಡಿ.

ಟಿಎಸ್‌ಐ ವಿಜಯನಗರ: ಮೇಷ್ಟ್ರೇ, 2015ರ ಪೋಲೊ ಜಿಟಿ ಟಿಎಸ್‌ಐ, 71,000 ಕಿ.ಮೀ., ಎರಡನೇ ಓನರ್. ಏನೇನು ನೋಡ್ಲಿ?

ಗ್ಯಾರೇಜ್ ಮೇಷ್ಟ್ರು: ಮೊದಲು ಗೇರ್‌ಬಾಕ್ಸ್, ಆಮೇಲೆ ಮತ್ತೆ ಗೇರ್‌ಬಾಕ್ಸ್. ಅದರಲ್ಲಿರೋದು 7 ಸ್ಪೀಡಿನ ಡ್ರೈ ಕ್ಲಚ್ ಡಿಎಸ್‌ಜಿ (ಎರಡು ಕ್ಲಚ್ ಇರೋ ಆಟೋಮ್ಯಾಟಿಕ್), ಡಿಕ್ಯೂ200. ಮೆಕಾಟ್ರಾನಿಕ್ (ಗೇರ್ ಬದಲಾಯಿಸೋ ಕಂಟ್ರೋಲ್ ಯೂನಿಟ್) ಬದಲಾಗಿದೆಯಾ, ಕ್ಲಚ್ ಪ್ಯಾಕ್ ಬದಲಾಗಿದೆಯಾ, ಬಿಲ್ ಕೇಳಿ. ಬಿಲ್ ನೋಡಿ ತುಂಬಾ ಜನ ಹೆದರ್ತಾರೆ. ಹೆದರಬೇಡಿ, ಆ ಖರ್ಚನ್ನ ಹಳೇ ಓನರ್ ಮಾಡಿ ಮುಗಿಸಿದ್ದಾನೆ ಅಂತ ಅರ್ಥ. ಬಿಲ್ ಇಲ್ಲದಿದ್ರೆ ಅದು ನಿಮ್ಮ ತಲೆ ಮೇಲೆ ಬರುತ್ತೆ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ಟೆಸ್ಟ್ ಡ್ರೈವ್‌ಗೆ ನೈಸ್ ರೋಡಿಗೆ ಕರ್ಕೊಂಡು ಹೋಗ್ತಾರೆ. ಖಾಲಿ ರಸ್ತೆಯಲ್ಲಿ ಈ ಗೇರ್‌ಬಾಕ್ಸ್ ಬೆಣ್ಣೆ. ಸಂಜೆ ಆರಕ್ಕೆ ಗೊರಗುಂಟೆಪಾಳ್ಯ ಜಂಕ್ಷನ್‌ನಲ್ಲಿ ಅರ್ಧ ಗಂಟೆ ತೆವಳಿಸಿ. ಬಿಸಿಯಾದ ಮೇಲೆ ಒಂದರಿಂದ ಎರಡಕ್ಕೆ ಹೋಗುವಾಗ ನಡುಕ ಬಂತಾ? ರಿವರ್ಸ್ ಹಾಕಿದಾಗ ತಡವರಿಸಿ ಧಡ್ ಅಂತಾ? ಬಂದ್ರೆ ಬಿಟ್ಟು ಬನ್ನಿ.

ಹೆಬ್ಬಾಳ ಫ್ಲೈಓವರ್: ಸಾರ್, ಡಿಎಸ್‌ಜಿ ಕಾರನ್ನ ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಬೇಕಂತೆ, ನಿಜಾನಾ?

ಗ್ಯಾರೇಜ್ ಮೇಷ್ಟ್ರು: ಬ್ರೇಕ್ ಒತ್ತಿ ನಿಂತಿದ್ರೆ ಕ್ಲಚ್ ಆಗಲೇ ಬಿಟ್ಟಿರುತ್ತೆ. ಕ್ಲಚ್ ತಿನ್ನೋದು ತೆವಳೋದು. ಮುಂದಿನ ಕಾರಿನ ಜೊತೆ ಅರ್ಧರ್ಧ ಅಡಿ ಸರಿಯೋದನ್ನ ನಿಲ್ಲಿಸಿ, ಜಾಗ ಆದ ಮೇಲೆ ಒಂದೇ ಸಲ ಹೋಗಿ.

ನಂದಿ ಬೆಳಗ್ಗೆ 5: ಮೇಷ್ಟ್ರೇ ನಂದು ದೊಡ್ಡ ಪ್ರಶ್ನೆ. ಆಕ್ಟೇವಿಯಾ ಆರ್‌ಎಸ್230, 2018, 58,000 ಕಿ.ಮೀ. ಕಂಪ್ಲೀಟ್ ಸ್ಟಾಕ್, ಏನೂ ಬದಲಾಯಿಸಿಲ್ಲ ಅಂತಾನೆ ಓನರ್. ಆದ್ರೆ ಅವನ ಹಳೇ ಇನ್‌ಸ್ಟಾಗ್ರಾಂ ಫೋಟೋದಲ್ಲಿ ಬಾನೆಟ್ ಕೆಳಗೆ ಕೆಂಪು ಇನ್‌ಟೇಕ್ ಪೈಪ್ ಇತ್ತು.

ಗ್ಯಾರೇಜ್ ಮೇಷ್ಟ್ರು: ಇನ್‌ಸ್ಟಾಗ್ರಾಂ ನೋಡಿದ್ದು ಜಾಣತನ. ಮಾರೋ ವಾರದ ಹಿಂದೆ ಎಲ್ಲಾ ಬಿಚ್ಚಿ ಒರಿಜಿನಲ್ ಹಾಕಿ, ಇಸಿಯುಗೆ (ಎಂಜಿನ್ ನಡೆಸೋ ಕಂಪ್ಯೂಟರ್) ಸ್ಟಾಕ್ ಫೈಲ್ ಬರೆದು ಕೊಡೋದು ಇಲ್ಲಿ ರೂಢಿ. ಅಳಿಸಿದ್ರೂ ಗುರುತು ಉಳಿಯುತ್ತೆ. ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಡೋ ಪೈಪ್) ಬೋಲ್ಟ್ ಮಾತ್ರ ಹೊಸದು, ಅಕ್ಕಪಕ್ಕದ್ದೆಲ್ಲಾ ತುಕ್ಕು. ಇನ್‌ಟೇಕ್ ರಬ್ಬರ್ ಮೇಲೆ ಬೇರೆ ಕ್ಲಾಂಪ್ ಕಚ್ಚಿದ ಗೆರೆ. ಇಸಿಯುನಲ್ಲಿ ಎಷ್ಟು ಸಲ ಬರೆದಿದ್ದಾರೆ ಅನ್ನೋ ಲೆಕ್ಕ ಇರುತ್ತೆ, ಈ ಕಾರುಗಳನ್ನ ಬಲ್ಲ ಗ್ಯಾರೇಜಿನವರು ಓದಿ ಹೇಳ್ತಾರೆ. ಕಂಪನಿ ಡಯಾಗ್ನೋಸ್ಟಿಕ್‌ಗೆ ಒಮ್ಮೆ ಸಿಕ್ಕಿಬಿದ್ದಿದ್ರೆ ಟಿಡಿ1 ಅನ್ನೋ ಟ್ಯೂನಿಂಗ್ ಗುರುತು ಅವರ ದಾಖಲೆಯಲ್ಲಿ ಕೂತಿರುತ್ತೆ.

ಒಂದು ಕೆಲಸ ನೀವೇ ಮಾಡ್ಕೋಬಹುದು. ಸಾವಿರ ರೂಪಾಯಿ ಆಸುಪಾಸಿಗೆ ಓಬಿಡಿ ಡಾಂಗಲ್ (ಕಾರಿನ ದೋಷದ ಕೋಡ್ ಓದೋ ಸಾಧನ) ಸಿಗುತ್ತೆ. ಅದರಲ್ಲಿ ಎರಡು ನೋಡಿ: ರೆಡಿನೆಸ್ ಮಾನಿಟರ್ (ಕಾರು ತನ್ನನ್ನೇ ಪರೀಕ್ಷೆ ಮಾಡ್ಕೊಳ್ಳೋದು) ಎಲ್ಲಾ ಪೂರ್ತಿ ಆಗಿದೆಯಾ, ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ. 58,000 ಓಡಿದ ಕಾರಲ್ಲಿ ಆ ಅಂಕಿ 12 ಅಂತ ಬಂದ್ರೆ, ನೀವು ಬರ್ತೀರಿ ಅಂತ ಆ ದಿನ ಬೆಳಗ್ಗೆ ಅಳಿಸಿದ್ದಾರೆ. ಯಾಕೆ ಅಳಿಸಿದ್ರಿ ಅಂತ ಕೇಳಿ, ಮುಖ ನೋಡಿ.

ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿ ಇದ್ರೆ ವಾಪಸ್ ಬಂದು ಇನ್ನೊಂದು ದಿನ ಹೋಗಿ. ಚೈನ್ ಸದ್ದು, ಹೊಗೆ, ಎಲ್ಲಾ ತಣ್ಣಗಿರೋ ಎಂಜಿನ್‌ನ ಮೊದಲ ಕೆಲವು ಸೆಕೆಂಡಲ್ಲೇ ಗೊತ್ತಾಗೋದು. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಟಾರ್ಚ್ ಬಿಡಿ. ಈ ಎಂಜಿನ್‌ನ ವಾಟರ್ ಪಂಪ್, ಥರ್ಮೋಸ್ಟಾಟ್ ಹೌಸಿಂಗ್ ಪ್ಲಾಸ್ಟಿಕ್, ಸೋರುತ್ತೆ. ಒಣಗಿದ ಗುಲಾಬಿ ಕಲೆ ಕಂಡ್ರೆ ಆ ಕೆಲಸ ಬಾಕಿ. ಇದರ ಡಿಎಸ್‌ಜಿ 6 ಸ್ಪೀಡ್, ವೆಟ್ ಕ್ಲಚ್, ಗಟ್ಟಿ. ಆದ್ರೆ 60,000ಕ್ಕೆ ಎಣ್ಣೆ ಬದಲಾಯಿಸಲೇಬೇಕು. ಕೊನೆಗೆ ಮೂರನೇ ಗೇರ್‌ನಲ್ಲಿ 2,000 ಆರ್‌ಪಿಎಂನಿಂದ ಪೂರ್ತಿ ಒತ್ತಿ, ಇಸಿಯು ಕೇಳಿದ ಬೂಸ್ಟ್ (ಟರ್ಬೊ ತುಂಬೋ ಗಾಳಿಯ ಒತ್ತಡ) ಎಷ್ಟು, ಬಂದದ್ದು ಎಷ್ಟು ಅಂತ ಲಾಗ್ ತೆಗೀರಿ. ಇದನ್ನ ಊರಾಚೆ ಮಾಡಿ, ರಿಂಗ್ ರೋಡಲ್ಲಿ ಅಲ್ಲ.

ಸ್ಟಾಕೇ ಸಾಕು: ಅಂದ್ರೆ ರೀಮ್ಯಾಪ್ ಆದ (ಇಸಿಯು ಫೈಲ್ ಬದಲಾಯಿಸಿ ಪವರ್ ಹೆಚ್ಚಿಸಿದ) ಕಾರು ತಗೋಬಾರದು. ಮುಗೀತು.

ನಂದಿ ಬೆಳಗ್ಗೆ 5: ಹಾಗೆಲ್ಲಿ ಹೇಳಿದ್ರು? ಸ್ಟೇಜ್ 1 ರೀಮ್ಯಾಪ್ ಮಾಡಿಸಿದವನು ಎಣ್ಣೆನ 7,500ಕ್ಕೇ ಬದಲಾಯಿಸಿರ್ತಾನೆ. ನಿಮ್ಮಂಥ ಸ್ಟಾಕ್ ಓನರ್ 15,000ದವರೆಗೂ ಎಳೀತಾನೆ.

ಸ್ಟಾಕೇ ಸಾಕು: ನಾನು ಎಳೀತೀನಿ ಅಂತ ನಿಮಗೆ ಹೇಳಿದ್ಯಾರು?

ಗ್ಯಾರೇಜ್ ಮೇಷ್ಟ್ರು: ರೀಮ್ಯಾಪ್ ತಪ್ಪಲ್ಲ, ಮುಚ್ಚಿಡೋದು ತಪ್ಪು. ಬಿಲ್, ಫೈಲ್, ಯಾರು ಮಾಡಿದ್ದು ಎಲ್ಲಾ ಮುಂದಿಟ್ಟು ಮಾರೋನ ಜೊತೆ ಮಾತಾಡಬಹುದು. ಆದ್ರೆ ಕ್ಯಾಟ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ತೆಗೆಸಿದ ಕಾರು ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ (ಕಾರಿನ ಮಾರ್ಪಾಡಿನ ನಿಯಮ) ಕೆಳಗೆ ಸಿಕ್ಕಿಕೊಳ್ಳೋದು ಆಗ ನೀವು, ಮಾರಿದವನಲ್ಲ.

ಬಸವನಗುಡಿ ಅಂಕಲ್: ಫಾರ್ವರ್ಡ್ ಆಗಿ ಬಂದದ್ದು: "ಹಳೇ ಟರ್ಬೊ ಕಾರು ಕೊಂಡ ತಕ್ಷಣ ಅರ್ಧ ಲೀಟರ್ ಡೀಸೆಲ್ ಎಂಜಿನ್ ಆಯಿಲ್‌ಗೆ ಬೆರೆಸಿ ಹತ್ತು ನಿಮಿಷ ಐಡಲ್ ಬಿಟ್ಟು ಬಸಿಯಿರಿ. ಇ20 ಪೆಟ್ರೋಲ್‌ಗೆ ಪ್ರತಿ ಟ್ಯಾಂಕಿಗೆ 100 ಮಿಲಿ 2ಟಿ ಆಯಿಲ್ ಹಾಕಿ, ವಾಲ್ವ್ ಕಾರ್ಬನ್ ಮಾಯ." ಎಲ್ಲರಿಗೂ ಉಪಯೋಗ ಆಗಲಿ ಅಂತ.

ಗ್ಯಾರೇಜ್ ಮೇಷ್ಟ್ರು: ಉಪಯೋಗ ಆಗೋದು ನನಗೆ, ಟರ್ಬೊ ಬದಲಾಯಿಸೋ ಕೆಲಸ ಸಿಗುತ್ತೆ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತೆ, ಅದನ್ನ ಎತ್ತಿ ಹಿಡಿದಿರೋದು ಎಣ್ಣೆಯ ಪದರ ಒಂದೇ. ಅದಕ್ಕೆ ಡೀಸೆಲ್ ಬೆರೆಸಿ ತೆಳ್ಳಗೆ ಮಾಡ್ತೀರಾ? ಇನ್ನು ಇಂಥ ಹೆಚ್ಚಿನ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರ್‌ಗೇ ಬೀಳೋದು, ಇನ್‌ಟೇಕ್ ವಾಲ್ವ್ ಮುಟ್ಟೋದೇ ಇಲ್ಲ. ಟ್ಯಾಂಕಿಗೆ ಏನು ಸುರಿದ್ರೂ ಆ ಕಾರ್ಬನ್ ಅಲ್ಲೇ ಇರುತ್ತೆ, ಮ್ಯಾನಿಫೋಲ್ಡ್ ಬಿಚ್ಚಿ ತೆಗೀಬೇಕು. 2ಟಿ ಆಯಿಲ್ ಹಾಳು ಮಾಡೋದು ಪ್ಲಗ್, ಆಕ್ಸಿಜನ್ ಸೆನ್ಸರ್, ಕ್ಯಾಟ್. ಹಾಕಬೇಡಿ.

ಬಸವನಗುಡಿ ಅಂಕಲ್: ನಾನು ಬಂದದ್ದನ್ನ ಹಾಕಿದೆ ಅಷ್ಟೇ.

ಜೆಪಿ ನಗರ 7ನೇ ಫೇಸ್: ಐ20 ಎನ್ ಲೈನ್ 2022 ಹೇಗಿದೆ ಸಾರ್?

ಹೊಸಬ: ಮಿತ್ಸುಬಿಷಿ ಇವೊ 10 ಈಗಲೂ ಎಲ್ಲಾದ್ರೂ ಸಿಗುತ್ತಾ? ಬೆಲೆ ಎಷ್ಟಾಗಬಹುದು?

ಕೋರಮಂಗಲ ಐಟಿ: ಮೇಷ್ಟ್ರೇ ದಯವಿಟ್ಟು ಇದನ್ನ ನೋಡಿ. ಬಿಎಂಡಬ್ಲ್ಯೂ ಎಂ340ಐ, 2021, 24,000 ಕಿ.ಮೀ., ಕೆಎ-53. ಮಿಕ್ಕವರು ಕೇಳೋದಕ್ಕಿಂತ ಒಂಬತ್ತು ಲಕ್ಷ ಕಡಿಮೆ. ಸಿಂಗಲ್ ಓನರ್ ಅಂತ ಜಾಹೀರಾತು, ಆರ್‌ಸಿಯಲ್ಲಿ ಎರಡನೇ ಓನರ್. ಸರ್ವಿಸ್ ದಾಖಲೆಯಲ್ಲಿ ಜುಲೈ 2022ಕ್ಕೆ 14,100, ಅದರ ಮುಂದಿನದು ಮೇ 2023ಕ್ಕೆ 14,900. ಕಾರ್ಪೆಟ್ ಫಳಫಳ ಹೊಸದು, ಒಳಗೆ ಮದುವೆ ಮನೆ ಥರ ಸೆಂಟಿನ ವಾಸನೆ. ಓಡಿಸಿದೆ, ರಾಕೆಟ್. ಟೋಕನ್ 50,000 ಕೊಟ್ಟಿದ್ದೀನಿ.

ಗ್ಯಾರೇಜ್ ಮೇಷ್ಟ್ರು: ಬಾಕಿ ದುಡ್ಡು ಕೊಡಬೇಡಿ. ಕೂತು ಓದಿ, ಇದಕ್ಕೆ ಉದ್ದ ಬರೀತೀನಿ.

ಜುಲೈ 2022, ಮೇ 2023. ನಡುವೆ ಏನಾಯ್ತು? ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದ ಮಳೆ. ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಲೇಔಟ್‌ಗಳಲ್ಲಿ ಜನರನ್ನ ಟ್ರ್ಯಾಕ್ಟರ್, ದೋಣಿಯಲ್ಲಿ ಸಾಗಿಸಿದ್ದು ನೆನಪಿರಬೇಕು. ಕಾರುಗಳು ಅಲ್ಲೇ ಉಳಿದ್ವು. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ) 75% ದಾಟಿದ್ರೆ ವಿಮೆಯವರು ಟೋಟಲ್ ಲಾಸ್ ಅಂತ ಬರೆದು ಓನರ್‌ಗೆ ದುಡ್ಡು ಕೊಡ್ತಾರೆ, ಕಾರು ಹರಾಜಿಗೆ ಹೋಗುತ್ತೆ. ಹರಾಜಲ್ಲಿ ಹಿಡಿದವನು ತೊಳೆದು, ಒಣಗಿಸಿ, ಕಾರ್ಪೆಟ್ ಹಾಕಿ ಮಾರ್ತಾನೆ. ಮುಳುಗಿತ್ತು ಅಂತ ಆರ್‌ಸಿಯಲ್ಲಿ ಎಲ್ಲೂ ಬರೆದಿರಲ್ಲ.

ನಿಮ್ಮ ಕಾರು ಅದೇ ಅಂತ ನಾನು ನೋಡದೆ ಹೇಳಲ್ಲ. ಆದ್ರೆ ಹತ್ತು ತಿಂಗಳಲ್ಲಿ 800 ಕಿಲೋಮೀಟರ್, ಹೊಸ ಕಾರ್ಪೆಟ್, ಸೆಂಟು, ಒಂಬತ್ತು ಲಕ್ಷ ಕಡಿಮೆ. ಇವಿಷ್ಟೂ ಒಟ್ಟಿಗೆ ಸುಮ್ಮನೆ ಬರಲ್ಲ.

ಪಾಲಿಸಿಯಲ್ಲಿ ಎನ್‌ಸಿಬಿ (ಕ್ಲೇಮ್ ಮಾಡದಿದ್ರೆ ಸಿಗೋ ರಿಯಾಯಿತಿ) ಸೊನ್ನೆ ಇದೆ ಅಂತ ಕುಣೀಬೇಡಿ, ಎರಡನೇ ಓನರ್‌ಗೆ ಸೊನ್ನೆ ಇರೋದು ಸಹಜ, ಯಾಕಂದ್ರೆ ಎನ್‌ಸಿಬಿ ಮನುಷ್ಯನ ಜೊತೆ ಹೋಗುತ್ತೆ, ಕಾರಿನ ಜೊತೆ ಅಲ್ಲ. ನಿಮಗೆ ಬೇಕಿರೋದು 2022ರಲ್ಲಿ ಮೊದಲ ಓನರ್ ಹೆಸರಲ್ಲಿದ್ದ ಪಾಲಿಸಿ. ಅದರ ಕ್ಲೇಮ್ ವಿವರ ತರಿಸಿ ಕೊಡಿ ಅಂತ ಮಾರೋನಿಗೆ ಹೇಳಿ.

ಕಾರಿನ ಹತ್ತಿರ ಹೋದಾಗ ಎಲ್ಲಾ ಸೀಟ್ ಬೆಲ್ಟ್ ಕೊನೇವರೆಗೂ ಎಳೀರಿ. ಸೀಟ್ ಕವರ್ ಬದಲಾಯಿಸೋರು ಬೆಲ್ಟ್ ಬದಲಾಯಿಸಲ್ಲ, ಕೆಸರಿನ ಗೆರೆ ಕೊನೆಯ ಒಂದಡಿಯಲ್ಲಿರುತ್ತೆ. ಸೀಟ್ ರೈಲು ಮತ್ತು ಬೋಲ್ಟಿನ ತುಕ್ಕು ನೋಡಿ. ಕಾರ್ಪೆಟ್ ಅಂಚು ಎತ್ತಿ ಕೆಳಗಿನ ಫೋಮ್ ಒತ್ತಿ, ಮೂಸಿ. ಆಮೇಲೆ ಬೂಟ್. ಈ ಕಾರಲ್ಲಿ ಬ್ಯಾಟರಿ ಹಿಂದಿದೆ, ಅದರ ಗುಂಡಿಯಲ್ಲೇ ನೀರು ನಿಲ್ಲೋದು. ಕನೆಕ್ಟರ್ ಪಿನ್ ಹಸಿರಾಗಿದ್ರೆ ಮುಂದೆ ನೋಡೋದೇ ಬೇಡ. ನಡುವಿನ ಕನ್ಸೋಲ್ ಕೆಳಗೆ, ನೆಲದ ಮಟ್ಟದಲ್ಲಿ ಏರ್‌ಬ್ಯಾಗ್ ಮಾಡ್ಯೂಲ್ ಇರುತ್ತೆ. ನೀರು ಒಣಗಿದ ಮೇಲೂ ತುಕ್ಕು ನಿಲ್ಲಲ್ಲ, ಮೂರನೇ ವರ್ಷವೂ ತಿಂತಿರುತ್ತೆ. ಬೇಕಾದಾಗ ಏರ್‌ಬ್ಯಾಗ್ ಬಿಚ್ಚದೇ ಹೋಗಬಹುದು. ನನ್ನ ಭಯ ಅದೇ, ದುಡ್ಡಿನದ್ದಲ್ಲ.

ಎಂಜಿನ್ ವಿಷಯ ಇನ್ನೂ ಸೂಕ್ಷ್ಮ. ನೀರಲ್ಲಿ ನಿಂತಾಗ ಯಾರಾದ್ರೂ ಸ್ಟಾರ್ಟ್ ಬಟನ್ ಒತ್ತಿದ್ರೆ ಸಿಲಿಂಡರ್‌ಗೆ ಹೋದ ನೀರು ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಕೂದಲೆಳೆಯಷ್ಟು ಬಾಗಿದ್ರೆ ಎಂಜಿನ್ ನೀವು ಹೇಳಿದ ಹಾಗೆ ರಾಕೆಟ್ ಥರನೇ ಓಡುತ್ತೆ, ಒಂದು ದಿನ ಬ್ಲಾಕ್ ಒಡೆದು ಆಚೆ ಬರೋವರೆಗೆ. ಹಿಡಿಯೋದು ಹೀಗೆ: ಆರೂ ಸಿಲಿಂಡರ್‌ಗೆ ಕಂಪ್ರೆಶನ್ ಟೆಸ್ಟ್ (ಪಿಸ್ಟನ್ ಗಾಳಿಯನ್ನ ಎಷ್ಟು ಒತ್ತುತ್ತೆ) ಮತ್ತು ಲೀಕ್‌ಡೌನ್ ಟೆಸ್ಟ್ (ತುಂಬಿದ ಗಾಳಿ ಎಷ್ಟು ಸೋರುತ್ತೆ), ಎರಡೂ. ರಿಂಗ್ ಅಥವಾ ವಾಲ್ವ್ ಹೋಗಿದ್ರೆ ಎರಡರಲ್ಲೂ ಕೆಟ್ಟ ಅಂಕಿ. ಒಂದೇ ಸಿಲಿಂಡರ್‌ನಲ್ಲಿ ಕಂಪ್ರೆಶನ್ ಕಡಿಮೆ, ಲೀಕ್‌ಡೌನ್ ಮಾತ್ರ ಸರಿಯಾಗಿದೆ ಅಂದ್ರೆ ಗಾಳಿ ಎಲ್ಲೂ ಸೋರ್ತಿಲ್ಲ, ಪಿಸ್ಟನ್ನೇ ಮೇಲಿನವರೆಗೆ ಬರ್ತಿಲ್ಲ. ಬಾಗಿದ ರಾಡ್. ಬರೀ ಸ್ಕ್ಯಾನರ್ ಹಾಕಿ 150 ಪಾಯಿಂಟ್ ಚೆಕ್ ಮಾಡಿದ್ದೀವಿ ಅನ್ನೋ ರಿಪೋರ್ಟಲ್ಲಿ ಇದು ಸಿಗಲ್ಲ.

ಹೆಬ್ಬಾಳ ಫ್ಲೈಓವರ್: ಬೆನ್ನಲ್ಲಿ ಚಳಿ ಬಂತು.

ಬಸವನಗುಡಿ ಅಂಕಲ್: ಇದಕ್ಕೂ ಒಂದು ಬಂದಿತ್ತು: "ಮುಳುಗಿದ ಕಾರಿನ ಮಾಡ್ಯೂಲ್‌ಗಳನ್ನ ಬಿಚ್ಚಿ ಮೂರು ದಿನ ಅಕ್ಕಿ ಮೂಟೆಯಲ್ಲಿಟ್ಟು, ಕನೆಕ್ಟರ್‌ಗೆ ಡಬ್ಲ್ಯೂಡಿ-40 ಹೊಡೆದರೆ ಹೊಸದರಂತೆ."

ಗ್ಯಾರೇಜ್ ಮೇಷ್ಟ್ರು: ಅಂಕಲ್, ಏರ್‌ಬ್ಯಾಗ್‌ನಲ್ಲಿ ಸ್ಫೋಟಕ ಇರುತ್ತೆ. ಮನೆಯಲ್ಲಿ ಆ ಕನೆಕ್ಟರ್ ಕಿತ್ತು ಆಟ ಆಡಿದವನ ಕೈ ಹೋಗುತ್ತೆ. ಈ ಗುಂಪಲ್ಲಿ ಹುಡುಗರಿದ್ದಾರೆ, ಯಾರೋ ಒಬ್ಬ ಮಾಡಿಬಿಡ್ತಾನೆ. ಅಳಿಸಿ.

ಬಸವನಗುಡಿ ಅಂಕಲ್: ಹಿರಿಯರ ಜೊತೆ ಮಾತಾಡೋ ರೀತಿ ಇದಲ್ಲ.

ಅಡ್ಮಿನ್: ಅಳಿಸಿದ್ದೀನಿ. ಮುಂದೆ.

ಲೀನಿಯಾ ಮನೆತನ: 2016ರ ಫಿಯೆಟ್ ಅಬಾರ್ಥ್ ಪುಂಟೊ. ಮನಸ್ಸು ಕೇಳ್ತಿಲ್ಲ. ಪಾರ್ಟ್ಸ್ ಸಿಗುತ್ತಾ?

ಗ್ಯಾರೇಜ್ ಮೇಷ್ಟ್ರು: 145 ಬಿಹೆಚ್‌ಪಿ, ಮ್ಯಾನ್ಯುವಲ್, ನನಗೂ ಇಷ್ಟ. ಸರ್ವಿಸ್ ಪಾರ್ಟ್ಸ್ ಜೆಸಿ ರೋಡಲ್ಲಿ ಹುಡುಕಿದ್ರೆ ಸಿಗುತ್ತೆ. ಬಾಡಿ ಪಾರ್ಟ್ಸ್, ಲೈಟು ಒಡೆದ್ರೆ ಕಾಯಬೇಕು. ಟೈಮಿಂಗ್ ಬೆಲ್ಟ್ ಎಂದು ಬದಲಾಯ್ತು ಅಂತ ಕೇಳಿ. ಕಡಿಮೆ ಓಡಿದೆ ಅನ್ನೋದು ಉತ್ತರ ಅಲ್ಲ, ರಬ್ಬರ್‌ಗೆ ವಯಸ್ಸೂ ಲೆಕ್ಕ. ಇನ್ನೊಂದು ಕಾರು ಮನೆಯಲ್ಲಿದ್ರೆ ತಗೊಳ್ಳಿ.

ಟಿಎಸ್‌ಐ ವಿಜಯನಗರ: ಫಿಯೆಟ್‌ನವರು ಇನ್ನೂ ಬದುಕಿದ್ದಾರಾ 😄

ಲೀನಿಯಾ ಮನೆತನ: ನಮ್ಮ ಗೇರ್‌ಬಾಕ್ಸ್ ಬದುಕಿದೆ, ನಿಮ್ಮದು ನೋಡ್ಕೊಳ್ಳಿ.

ಟಿಎಸ್‌ಐ ವಿಜಯನಗರ: ಡೋರ್ ಹ್ಯಾಂಡಲ್ ಸಿಗದೆ ಕಿಟಕಿಯಿಂದ ಇಳಿಯೋರು ಮಾತಾಡ್ತಿದ್ದಾರೆ.

ಯಶವಂತಪುರ ಟ್ರಾನ್ಸ್‌ಫರ್: ದೆಹಲಿ ಕಾರು ಅಗ್ಗ ಅಂತಾರೆ, ತರಬಹುದಾ? ಅಲ್ಲಿ ಹಳೇ ಡೀಸೆಲ್ ಕಾರಿನ ಮೇಲಿನ ನಿರ್ಬಂಧಕ್ಕೆ ಹೆದರಿ ಮಾರ್ತಿದ್ದಾರೆ.

ಗ್ಯಾರೇಜ್ ಮೇಷ್ಟ್ರು: ತರಬಹುದು. ಅಲ್ಲಿಂದ ಎನ್‌ಒಸಿ, ಲೋನ್ ಇದ್ರೆ ಅದು ತೀರಿದ್ದಕ್ಕೆ ಫಾರ್ಮ್ 35, ಇಲ್ಲಿ ಜೀವಾವಧಿ ತೆರಿಗೆ. 20 ಲಕ್ಷದ ಮೇಲಿನ ಕಾರಿಗೆ ಕರ್ನಾಟಕದಲ್ಲಿ 18%, ಸೆಸ್ ಬೇರೆ, ವಯಸ್ಸಿಗೆ ತಕ್ಕ ಹಾಗೆ ಇಳಿಯುತ್ತೆ. ಅಷ್ಟೂ ಕೂಡಿಸಿ ನೋಡಿ, ಅಗ್ಗ ಉಳಿಯುತ್ತಾ ಅಂತ. ಡಿಎಲ್ ಪ್ಲೇಟಲ್ಲೇ ಓಡಿಸ್ತೀನಿ ಅನ್ನೋರು ನನ್ನ ಹತ್ತಿರ ಕೇಳಬೇಡಿ.

ನಂದಿ ಬೆಳಗ್ಗೆ 5: ನಂಗೊತ್ತಿರೋ ಎಷ್ಟೋ ಜನ ವರ್ಷಗಟ್ಟಲೆ ಓಡಿಸ್ತಿದ್ದಾರೆ, ಏನೂ ಆಗಿಲ್ಲ.

ಸ್ಟಾಕೇ ಸಾಕು: ನಿಮಗೆ ಗೊತ್ತಿರೋರೆಲ್ಲಾ ಅಂಥವರೇನಾ?

ನಂದಿ ಬೆಳಗ್ಗೆ 5: ನಿಮ್ಮ ಕಾರು ಯಾವ್ದು ಸ್ವಾಮಿ, ಹೇಳಿ ನೋಡೋಣ.

ಸ್ಟಾಕೇ ಸಾಕು: ವ್ಯಾಗನ್ ಆರ್. ಏನೀಗ?

ಮಾರತಹಳ್ಳಿ ಟರ್ಬೊ: ಡಿಎಸ್‌ಜಿಗೆ ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹಾಕಬೇಕಾ?

ಗ್ಯಾರೇಜ್ ಮೇಷ್ಟ್ರು: ಮೇಲೆ ಓದಿ.

ಕೋರಮಂಗಲ ಐಟಿ: ಮೇಷ್ಟ್ರೇ, ಈಗಷ್ಟೇ ಮಾತಾಡಿದೆ. ಲಿಫ್ಟ್ ಹತ್ತಿಸೋಕೆ, ಪ್ಲಗ್ ಬಿಚ್ಚೋಕೆ ಬಿಡಲ್ಲ ಅಂತಾನೆ. ಬೇರೆ ಪಾರ್ಟಿ ರೆಡಿ ಇದೆ, ಇವತ್ತೇ ಹೇಳಿ ಅಂತಾನೆ. ಬೆಲ್ಟ್ ಎಳೆದು ವಿಡಿಯೋ ಕಳಿಸಿ ಅಂದಿದ್ದಕ್ಕೆ ಮುಂದಿನ ಎರಡು ಮಾತ್ರ ಕಳಿಸಿದ, ಅದೂ ಅರ್ಧ ಎಳೆದಿರೋದು.

ಗ್ಯಾರೇಜ್ ಮೇಷ್ಟ್ರು: ಬೇರೆ ಪಾರ್ಟಿಗೇ ಕೊಡಲಿ. ನೀವು ಟೋಕನ್ ವಾಪಸ್ ಕೇಳಿ. ಮುಳುಗಿದ ಕಾರು ಅಂತ ಜಗಳ ತೆಗೀಬೇಡಿ, ಸಾಬೀತು ಮಾಡೋಕಾಗಲ್ಲ. ಸಿಂಗಲ್ ಓನರ್ ಅಂತ ಜಾಹೀರಾತು ಕೊಟ್ಟು ಆರ್‌ಸಿಯಲ್ಲಿ ಎರಡಿದೆ, ಪರೀಕ್ಷೆಗೆ ಬಿಡ್ತಿಲ್ಲ, ಈ ಎರಡನ್ನೇ ವಾಟ್ಸಾಪಲ್ಲಿ ಬರೆದು ಕೇಳಿ. ಜಾಹೀರಾತು ತೆಗೆಯೋ ಮುಂಚೆ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ದುಡ್ಡು ಹೇಗೆ ಕೊಟ್ರಿ?

ಕೋರಮಂಗಲ ಐಟಿ: ಯುಪಿಐ. ಕಾರಿನ ನಂಬರ್ ಹಾಕಿ ಟೋಕನ್ ಅಂತ ಬರೆದೇ ಕಳಿಸಿದ್ದು.

ಗ್ಯಾರೇಜ್ ಮೇಷ್ಟ್ರು: ಒಳ್ಳೇದು. ಅದೇ ದಾಖಲೆ.

ಜೆಪಿ ನಗರ 7ನೇ ಫೇಸ್: ಐ20 ಎನ್ ಲೈನ್ ಸಾರ್??

ಟಿಎಸ್‌ಐ ವಿಜಯನಗರ: ಮೇಷ್ಟ್ರೇ, ಪೋಲೊ ಓನರ್ ಭಾನುವಾರ ಬೆಳಗ್ಗೆ ಬರ್ತೀನಿ ಅಂತಿದ್ದಾನೆ. ಹಾಗೇ ನಿಮ್ಮ ಹತ್ತಿರ ತರಲಾ?

ಗ್ಯಾರೇಜ್ ಮೇಷ್ಟ್ರು: ಭಾನುವಾರ ಬಾಗಿಲು ಹಾಕಿರುತ್ತೆ. ಸೋಮವಾರ ಸಂಜೆ ಬನ್ನಿ, ಗೊರಗುಂಟೆಪಾಳ್ಯದ ಕಡೆಯಿಂದ.