3 ಕಿಲೋವ್ಯಾಟ್ ಸೋಲಾರ್ ಸಾಕಾ, ವೆಂಡರ್ ಹೇಳುವ 5 ಹಾಕಿಸಬೇಕಾ?

ತುಮಕೂರು_ತಾರಸಿ:
ಸ್ವಂತ ಮನೆ, ಬೆಸ್ಕಾಂ ಸಂಪರ್ಕ. ಬಳಕೆ ತಿಂಗಳಿಗೆ 300 ಯೂನಿಟ್ ಆಸುಪಾಸು, ಮಂಜೂರಾದ ಲೋಡ್ 3 ಕಿಲೋವ್ಯಾಟ್. 200 ಯೂನಿಟ್ ದಾಟುವುದರಿಂದ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟುತ್ತಿದ್ದೇವೆ. 3 ಕಿ.ವ್ಯಾ. ಆನ್‌ಗ್ರಿಡ್‌ಗೆ (ಬ್ಯಾಟರಿ ಇಲ್ಲದೆ ನೇರ ಬೆಸ್ಕಾಂ ಲೈನಿಗೆ ಸೇರುವುದು) 1.95 ಲಕ್ಷ, ಬ್ಯಾಟರಿ ಸೇರಿ 5 ಕಿ.ವ್ಯಾ. ಹೈಬ್ರಿಡ್‌ಗೆ 4.6 ಲಕ್ಷ ಅಂತ ಕೊಟೇಶನ್ ಬಂದಿದೆ. ದೊಡ್ಡದು ಹಾಕಿಸಿದರೆ ಆದಾಯವೂ ಬರುತ್ತೆ ಅನ್ನುತ್ತಾರೆ. ನಿಜವಾಗಿ ಲಾಭ ಯಾವುದರಲ್ಲಿ?

ಯೂನಿಟ್_ಲೆಕ್ಕ:
3 ಕಿ.ವ್ಯಾ. ಹಾಕಿಸಿ. ನೀವು ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಯೂನಿಟ್ ಉಳಿದರಷ್ಟೇ ಸೋಲಾರ್‌ನಲ್ಲಿ ದೊಡ್ಡ ಲಾಭ. ಮಾರುವ ಯೂನಿಟ್‌ನಲ್ಲಿ ಅಷ್ಟಿಲ್ಲ.

2025-26ರ ದರದಲ್ಲಿ ಒಂದು ಯೂನಿಟ್‌ಗೆ 5.80 ರೂ., ಅದರ ಮೇಲೆ ಶೇ 9 ತೆರಿಗೆ, ಪಿಂಚಣಿ-ಗ್ರಾಚ್ಯುಟಿ ಸರ್ಚಾರ್ಜ್ 36 ಪೈಸೆ. ಒಟ್ಟು ಸುಮಾರು 6.68 ರೂ. ನಮ್ಮ ಬಯಲುಸೀಮೆಯಲ್ಲಿ 1 ಕಿ.ವ್ಯಾ.ಗೆ ದಿನಕ್ಕೆ ಸರಾಸರಿ 4 ಯೂನಿಟ್ ಹಿಡಿಯಿರಿ, 3 ಕಿ.ವ್ಯಾ.ಗೆ ತಿಂಗಳಿಗೆ 360 ಆಯಿತು. ನಿಮ್ಮ 300 ಯೂನಿಟ್ ಅದರಲ್ಲೇ ಮುಗಿದು ತಿಂಗಳಿಗೆ 2,000 ರೂ. ಉಳಿಯುತ್ತೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡಕ್ಕೆ ಉತ್ಪಾದನೆ ಚೆನ್ನಾಗಿಯೇ ಇಳಿಯುತ್ತೆ, ಮಾರ್ಚ್-ಏಪ್ರಿಲ್‌ನಲ್ಲಿ ಜಾಸ್ತಿ.

ಪಿಎಂ ಸೂರ್ಯಘರ್ ಸಬ್ಸಿಡಿ ಮೊದಲ 2 ಕಿ.ವ್ಯಾ.ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಅಲ್ಲಿಗೆ ನಿಂತುಹೋಗುತ್ತೆ. ನಿಮ್ಮ ಕೈಯಿಂದ ಹೋಗುವುದು 1.17 ಲಕ್ಷ, ಐದು ವರ್ಷಕ್ಕೆ ವಾಪಸ್. ಇಷ್ಟನ್ನೇ ಶೇ 7ರ ಬಡ್ಡಿಗೆ ಹತ್ತು ವರ್ಷದ ಸಾಲವಾಗಿ ತೆಗೆದರೂ ಕಂತು 1,360 ರೂ. ಹತ್ತಿರ, ಉಳಿತಾಯಕ್ಕಿಂತ ಕಡಿಮೆಯೇ.

5 ಕಿ.ವ್ಯಾ. ಹಾಕಿದರೂ ಸಬ್ಸಿಡಿ ಅದೇ 78,000. ಹೆಚ್ಚುವರಿ 300 ಯೂನಿಟ್ ಬೆಸ್ಕಾಂ ಜೊತೆಗಿನ ಒಪ್ಪಂದದಲ್ಲಿ ಬರೆದ ದರಕ್ಕೆ ಹೋಗುತ್ತೆ, ಅದು ನೀವು ಕೊಳ್ಳುವ ದರಕ್ಕಿಂತ ಕಡಿಮೆ. ಲೋಡ್ 3ರಿಂದ 5ಕ್ಕೆ ಏರಿದರೆ ನಿಗದಿತ ಶುಲ್ಕ 2025-26ರ ದರದಲ್ಲಿ ಕಿ.ವ್ಯಾ.ಗೆ 145ರಂತೆ ತಿಂಗಳಿಗೆ 290 ಜಾಸ್ತಿ. ಈ ನಿಗದಿತ ಶುಲ್ಕವನ್ನು ಯಾವ ಸೋಲಾರೂ ಅಳಿಸುವುದಿಲ್ಲ, ಹಾಗಾಗಿ ‘ಬಿಲ್ ಸೊನ್ನೆ’ ಅನ್ನುವ ಮಾತು ನಂಬಬೇಡಿ.

ಬ್ಯಾಟರಿಯಿಂದ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ನೆಟ್ ಮೀಟರ್ ಇದ್ದಮೇಲೆ ಹಗಲು ಕೊಟ್ಟ ಯೂನಿಟ್ ರಾತ್ರಿಯ ಯೂನಿಟ್‌ಗೆ ವಜಾ ಆಗುತ್ತೆ. ಆದರೆ ಒಂದು ತಿಳಿದಿರಲಿ: ಲೈನ್ ಹೋದರೆ ಆನ್‌ಗ್ರಿಡ್ ಇನ್ವರ್ಟರ್ ಕೂಡ ನಿಲ್ಲುತ್ತೆ, ಮಟಮಟ ಮಧ್ಯಾಹ್ನವೇ ಆಗಿರಲಿ. ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಯಲೆಂದೇ ಈ ವ್ಯವಸ್ಥೆ. ಲೈಟು-ಫ್ಯಾನಿಗೆ ಮಾಮೂಲಿ ಯುಪಿಎಸ್ ಸಾಕು.

ಡಿಸಿ_ಕೇಬಲ್:
ಲೆಕ್ಕ ಸರಿ. ಅದು ಕೈಗೂಡುವುದು ಕೆಲಸದ ಗುಣಮಟ್ಟದ ಮೇಲೆ.

550 ವ್ಯಾಟ್‌ನ ಆರು ಪ್ಯಾನೆಲ್, ಸುಮಾರು 300 ಚದರಡಿ ಜಾಗ, ದಕ್ಷಿಣಕ್ಕೆ 10-13 ಡಿಗ್ರಿ ಇಳಿಜಾರು. ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಓವರ್‌ಹೆಡ್ ಟ್ಯಾಂಕ್, ಪಕ್ಕದ ತೆಂಗಿನ ಮರದ ನೆರಳು ಎಲ್ಲಿ ಬೀಳುತ್ತೆ ಅಂತ ಗುರುತು ಹಾಕಿಕೊಳ್ಳಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗುತ್ತೆ, ಮೇ ತಿಂಗಳಲ್ಲಿ ನೋಡಿದರೆ ಅದು ಗೊತ್ತಾಗುವುದಿಲ್ಲ.

ಕೊಟೇಶನ್‌ನಲ್ಲಿ ಇವು ಬರಹದಲ್ಲಿರಲಿ: ಡಿಸಿಆರ್ ಪ್ಯಾನೆಲ್ (ದೇಶದಲ್ಲೇ ತಯಾರಾದ ಸೆಲ್, ಇದಿಲ್ಲದಿದ್ದರೆ ಸಬ್ಸಿಡಿ ಇಲ್ಲ), 4 ಚದರ ಮಿ.ಮೀ. ಸೋಲಾರ್ ಡಿಸಿ ಕೇಬಲ್, ಡಿಸಿ (ಪ್ಯಾನೆಲ್ ಕಡೆ), ಎಸಿ (ಮನೆ ಲೈನ್ ಕಡೆ) ಎರಡಕ್ಕೂ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ), ಡಿಸಿಗೊಂದು, ಎಸಿಗೊಂದು, ಮಿಂಚುವಾಹಕಕ್ಕೊಂದು ಪ್ರತ್ಯೇಕ ಅರ್ಥಿಂಗ್. ಪ್ಯಾನೆಲ್ ವೈರ್‌ಗಳನ್ನು ಸೇರಿಸುವ ಎಂಸಿ4 ಕನೆಕ್ಟರ್‌ಗಳಲ್ಲಿ ಬೇರೆ ಬೇರೆ ಕಂಪನಿಯವನ್ನು ಜೋಡಿಸಲು ಬಿಡಬೇಡಿ. ಬಿಗಿ ಕೂರದೆ ಬಿಸಿಯಾಗಿ ಸುಟ್ಟುಹೋಗುತ್ತವೆ, ಬೆಂಕಿಗೂ ಅದೇ ಮೂಲ.

ಟ್ರಾನ್ಸ್‌ಫಾರ್ಮರ್ ಹತ್ತಿರದ ಮನೆಗಳಲ್ಲಿ ಮಧ್ಯಾಹ್ನ ವೋಲ್ಟೇಜ್ ಮೊದಲೇ ಜಾಸ್ತಿ. ಇನ್ವರ್ಟರ್ ವಿದ್ಯುತ್ ಹೊರಗೆ ತಳ್ಳಬೇಕಾದರೆ ಇನ್ನೂ ಏರಿಸಬೇಕು. ಮಿತಿ ದಾಟಿದರೆ ಟ್ರಿಪ್, ಅದೂ ಒಳ್ಳೆಯ ಬಿಸಿಲಿನ ಹೊತ್ತಲ್ಲೇ. ಇನ್ವರ್ಟರ್‌ನಿಂದ ಮೀಟರ್‌ಗೆ ಹೋಗುವ 20 ಮೀಟರ್ ಉದ್ದದ 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 13 ಆಂಪಿಯರ್‌ಗೆ 4 ವೋಲ್ಟ್ ಹೆಚ್ಚುತ್ತೆ, 6 ಚದರ ಮಿ.ಮೀ. ಹಾಕಿದರೆ 2ಕ್ಕಿಂತ ಕಡಿಮೆ.

ತುಮಕೂರು_ತಾರಸಿ:
ಮೀಟರ್ ಇನ್ನೂ ತಂದೆಯವರ ಹೆಸರಲ್ಲಿದೆ. ಇನ್ನೊಂದು, ವಾಷಿಂಗ್ ಮಷೀನ್, ಮೋಟರ್ ಹಗಲಲ್ಲೇ ಓಡಿಸಬೇಕಾ?

ಯೂನಿಟ್_ಲೆಕ್ಕ:
ನೆಟ್ ಮೀಟರಿಂಗ್‌ನಲ್ಲಿ ಯಾವಾಗ ಓಡಿಸಿದರೂ ಒಂದೇ. ಹೆಸರು ಮಾತ್ರ ಮೊದಲು ಬದಲಾಗಲಿ. ಪೋರ್ಟಲ್‌ನಲ್ಲಿ ಅರ್ಜಿದಾರರ ಹೆಸರು, ಬಿಲ್ಲಿನ ಹೆಸರು, ಬ್ಯಾಂಕ್ ಖಾತೆ ಹೊಂದದಿದ್ದರೆ ಸಬ್ಸಿಡಿ ಸಿಕ್ಕಿಕೊಳ್ಳುತ್ತೆ.

ಡಿಸಿ_ಕೇಬಲ್:
ಎರಡೂ ದಿಕ್ಕು ಅಳೆಯುವ ಮೀಟರ್ ಕೂರಿಸುವ ಮೊದಲು ‘ಟೆಸ್ಟಿಂಗ್’ ಅಂತ ಸೋಲಾರ್ ಆನ್ ಮಾಡಿ ಬಿಡಲು ಒಪ್ಪಬೇಡಿ. ಹಳೆಯ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಎಷ್ಟೋ, ಹೊರಗೆ ಹೋದ ಯೂನಿಟ್ಟನ್ನೂ ಬಳಕೆಯೆಂದೇ ಎಣಿಸುತ್ತವೆ. ಹೊಸ ಮೀಟರ್ ಬಂದ ದಿನ ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡೂ ರೀಡಿಂಗ್‌ನ ಫೋಟೊ ತೆಗೆದಿಡಿ. ಮೊದಲ ಬಿಲ್ಲಿನಲ್ಲಿ ಎಕ್ಸ್‌ಪೋರ್ಟ್ ಸೊನ್ನೆ ಕಂಡರೆ ಆ ಫೋಟೊ ಹಿಡಿದು ಅದೇ ವಾರ ಉಪವಿಭಾಗದ ಕಚೇರಿಗೆ ಹೋಗಿ.