ಅಪ್‌ಡೇಟ್: ಅಪ್ಪ ತೀರಿಕೊಂಡರೂ ಅಳು ಬರುತ್ತಿಲ್ಲ ಎಂದು ಕೇಳಿದ್ದೆ

ಎಂಟು ತಿಂಗಳ ಹಿಂದೆ ಕೇಳಿದ್ದು ಇಷ್ಟು: ಅಪ್ಪ ತೀರಿಕೊಂಡ ದಿನವನ್ನು ನಿಮಿಷ ನಿಮಿಷವೂ ಹೇಳಬಲ್ಲೆ, ಆದರೆ ಕಣ್ಣಲ್ಲಿ ಒಂದು ಹನಿ ಇಲ್ಲ. ನನ್ನದು ಕಲ್ಲು ಮನಸ್ಸಾ? ಆಪ್ತಸಮಾಲೋಚಕರನ್ನು ನೋಡಿ ಅಂದಿರಿ. ಹೋದೆ.

ಇದು ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ಒಂದು ದಾರಿಯಂತೆ. ನೆನಪನ್ನು ಉಳಿಸಿಕೊಂಡು, ಅದಕ್ಕೆ ಅಂಟಿದ ನೋವನ್ನು ಮಾತ್ರ ಬೇರೆ ಇಡುವುದು. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1926ರಲ್ಲೇ ಇದನ್ನು ಬರೆದಿದ್ದರು. ಅವರ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಇಂಥ ರಕ್ಷಣಾ ತಂತ್ರಗಳನ್ನು ಒಟ್ಟಿಗೆ ವಿವರಿಸಿದರು. ಪೂರ್ತಿ ಮರೆತುಬಿಡುವುದು ಬೇರೆ, ಇದು ಬೇರೆ. ನನಗೆ ಎಲ್ಲವೂ ನೆನಪಿತ್ತಲ್ವಾ!

ಆದರೆ ನೋವಿನ ಜೊತೆ ಖುಷಿಯೂ ದೂರವಾಗಿತ್ತು. ಗೆಳತಿಯರು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. 'ಚೆನ್ನಾಗಿದ್ದೀನಿ' ಅಂತ ಸುಮ್ನೆ ಮೆಸೇಜ್ ಹಾಕಿ ಮುಗಿಸುತ್ತಿದ್ದೆ. ಒಂಟಿತನ ಜಾಸ್ತಿಯಾಗಿದ್ದೇ ಇದರಿಂದ.

ಕಳೆದ ವಾರ ಅಪ್ಪನ ಕನ್ನಡಕದ ಡಬ್ಬಿ ತೆರೆದೆ. ಗಾಜಿನ ಮೇಲೆ ಅವರ ಹೆಬ್ಬೆರಳ ಗುರುತು ಹಾಗೇ ಇತ್ತು. ಒರೆಸಲು ಬಟ್ಟೆ ಹಿಡಿದವಳು ಕೈ ಹಿಂದೆ ತೆಗೆದೆ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ಅಣ್ಣನಿಗೆ ಫೋನ್ ಮಾಡಿದೆ, ಅವನೂ ಅತ್ತ.

ಕೆಲವು ದಿನ ಈಗಲೂ ಮನಸ್ಸು ಮರಗಟ್ಟಿದ ಹಾಗೇ ಇರುತ್ತದೆ. ಸಮಾಲೋಚನೆಗೆ ಹೋಗುತ್ತಲೇ ಇದ್ದೇನೆ. ಕನ್ನಡಕ ಇನ್ನೂ ಒರೆಸಿಲ್ಲ.